ಬಟ್ಟಲ ತುಂಬ ನೀರು, ಬಾಯಾರಿದ ಗೋಸುಂಬೆ

(ಚಿಕ್ಕಬಳ್ಳಾಪುರದಲ್ಲಿ ಸಾಕುಪ್ರಾಣಿ ಸಾಕುವವರ ಮುಂದೆ ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ನಾನು ಹಸು, ಎಮ್ಮೆ, ಕೋಳಿ ನೋಡುವ ಡಾಕ್ಟರು. ಗೋಸುಂಬೆ ನನ್ನ ಕೈಗೆ ಬಂದದ್ದು ಒಂದು ಮಾರ್ಚ್ ಮಧ್ಯಾಹ್ನ, ಶೂ ಡಬ್ಬಿಯೊಳಗೆ. ತಂದವನು ಡಿಗ್ರಿ ಓದುವ ಹುಡುಗ. ಡಬ್ಬಿ ತೆಗೆದರೆ ಒಳಗೆ ಯೆಮನ್ ದೇಶದ ಗೋಸುಂಬೆ, ನೆತ್ತಿಯ ಮೇಲೆ ಕಿರೀಟದ ಹಾಗೆ ಎದ್ದ ಏಣು. ಹಸಿರಾಗಿರಬೇಕಾದ ಮೈ ಒಣಗಿದ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಗೋಪುರದಂತೆ ಹೊರಗೆ ಚಾಚಿಕೊಂಡಿರಬೇಕಾದ ಕಣ್ಣು ಗುಳಿ ಬಿದ್ದಿತ್ತು.

"ಹತ್ತು ದಿನದಿಂದ ಏನೂ ತಿಂತಿಲ್ಲ ಸಾರ್" ಅಂದ.

"ನೀರು?"

"ದಿನಾ ಬಟ್ಟಲು ತೊಳೆದು ಹೊಸ ನೀರು ಇಡ್ತೀನಿ. ಒಂದು ದಿನವೂ ತಪ್ಪಿಸಿಲ್ಲ. ಸಂಜೆ ಹೊತ್ತಿಗೆ ಅರ್ಧ ಖಾಲಿ ಆಗಿರತ್ತೆ, ಕುಡೀತಾ ಇದೆ."

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಬಟ್ಟಲು ಅರ್ಧ ಖಾಲಿ ಆಗುತ್ತಿದ್ದದ್ದು ನಿಜ. ಆದರೆ ಅದನ್ನು ಕುಡಿಯುತ್ತಿದ್ದದ್ದು ಚಿಕ್ಕಬಳ್ಳಾಪುರದ ಬಿಸಿಲು.

ನಾಯಿ, ಬೆಕ್ಕು, ಕೋಳಿ ಸಾಕಿದವರು ಗೋಸುಂಬೆ ತಂದಾಗ ಮಾಡುವ ಮೊದಲ ತಪ್ಪು ಇದೇ. ನೀರು ಅಂದರೆ ನಮ್ಮ ಕಣ್ಣಿಗೆ ಬಟ್ಟಲು. ಗೋಸುಂಬೆ ಕೊಂಬೆ ಬಿಟ್ಟು ಸುಮ್ಮನೆ ನೆಲಕ್ಕೆ ಇಳಿಯುವ ಪ್ರಾಣಿ ಅಲ್ಲ. ಅದಕ್ಕೆ ಗೊತ್ತಿರುವ ನೀರು ಎಲೆಯ ತುದಿಯಲ್ಲಿ ಹೊಳೆಯುವ ಹನಿ, ಕೊಂಬೆ ಹಿಡಿದು ಜಾರುವ ಮಳೆನೀರು, ಬೆಳಗಿನ ಇಬ್ಬನಿ. ನಿಂತ ನೀರು ಅದಕ್ಕೆ ಸಾಮಾನ್ಯವಾಗಿ ನೀರು ಅಂತಲೇ ತೋರುವುದಿಲ್ಲ. ಬಟ್ಟಲಿನಲ್ಲಿ ಕುಡಿಯಲು ಕಲಿತ ಒಂದೆರಡು ಇರಬಹುದು, ನಿಮ್ಮದೂ ಕಲಿಯುತ್ತದೆ ಅಂತ ಕಾಯುತ್ತಾ ಕೂರಬೇಡಿ.

ಮುಂದೆ ಹೋಗುವ ಮೊದಲು ಒಂದು ಮಾತು, ಇಲ್ಲಿ ಪೊಲೀಸರು ಇಲ್ಲದಿದ್ದರೂ ಹೇಳಲೇಬೇಕು. ನಮ್ಮ ಬೇಲಿಯಲ್ಲಿ, ಹುಣಸೆ ಮರದಲ್ಲಿ ಸಿಗುವ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಪ್ರಾಣಿ. ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಗಾಯವಾದದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. ಯೆಮನ್ ಗೋಸುಂಬೆ ಹೊರದೇಶದ್ದು, ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. "ಅಂಗಡಿಯವನು ಏನೂ ಬೇಡ ಅಂದ" ಅನ್ನುವುದು ಕಾನೂನಿನ ಮುಂದೆ ನಡೆಯುವುದಿಲ್ಲ. ಕಾಗದ ಇಲ್ಲದ ಪ್ರಾಣಿ ತರಬೇಡಿ. ತರುವ ಮೊದಲೇ ನನ್ನನ್ನು ಕೇಳಿದ್ದರೆ ಗೋಸುಂಬೆಯೇ ಬೇಡ ಅನ್ನುತ್ತಿದ್ದೆ. ತಂದಾಗಿದೆ, ಅದಕ್ಕೇ ಈ ಮಾತು.

ಹಾಗಾದರೆ ಕುಡಿಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಹಿಕ್ಕೆ ನೋಡಿ. ನಗಬೇಡಿ. ಪಶುವೈದ್ಯನ ಅರ್ಧ ಆಯಸ್ಸು ಹಿಕ್ಕೆ, ಸಗಣಿ ನೋಡುವುದರಲ್ಲೇ ಕಳೆಯುತ್ತದೆ. ಹಸು ಉಚ್ಚೆ ಹೊಯ್ಯುವುದು ನೋಡಿದ್ದೀರಿ, ಅರ್ಧ ಬಕೆಟ್. ಮೈಯ ಕಸವನ್ನು ಹೊರಹಾಕಲು ಅದಕ್ಕೆ ಅಷ್ಟು ನೀರು ಬೇಕು. ಕೋಳಿಗೆ ಬೇಡ. ಕೋಳಿ ಹಿಕ್ಕೆಯ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಇರುತ್ತದಲ್ಲ, ಅದೇ ಅದರ ಉಚ್ಚೆ. ಯೂರಿಕ್ ಆಮ್ಲವನ್ನು ಗಟ್ಟಿ ಮಾಡಿ ಕಳಿಸುತ್ತದೆ, ನೀರು ಉಳಿಸುತ್ತದೆ. ಗೋಸುಂಬೆಯದೂ ಇದೇ ಲೆಕ್ಕ.

ಆ ಬಿಳಿ ಭಾಗ ಬಿಳಿಯಾಗಿಯೇ ಇದ್ದರೆ ಸರಿ. ಅಂಚಿನಲ್ಲಿ ಚೂರು ಹಳದಿ ಇದ್ದರೂ ಗಾಬರಿ ಬೇಡ. ಅದು ಕಿತ್ತಳೆ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಮರಳಿನಂತೆ ತರಿತರಿಯಾಗಿದ್ದರೆ ಒಳಗೆ ನೀರಿಲ್ಲ ಅಂತ. ಹುಡುಗ ಶೂ ಡಬ್ಬಿಯ ಮೂಲೆಯಲ್ಲಿ ಬಿದ್ದಿದ್ದನ್ನು ತೋರಿಸಿದ. ಪಾಯಸಕ್ಕೆ ಹಾಕುವ ಕೇಸರಿ ಬಣ್ಣ.

ಈ ಒಣಗುವಿಕೆ ತಿಂಗಳುಗಟ್ಟಲೆ ನಡೆದರೆ ಏನಾಗುತ್ತದೆ ಅನ್ನುವುದನ್ನು ಕೋಳಿ ಫಾರಂ ಇಟ್ಟವರು ಕಣ್ಣಾರೆ ನೋಡಿರುತ್ತೀರಿ. ನೀರಿನ ಪೈಪು ಕಟ್ಟಿಕೊಂಡು ಸತ್ತ ಕೋಳಿಗಳ ಹೊಟ್ಟೆ ಕೊಯ್ದರೆ ಹೃದಯದ ಮೇಲೆ, ಪಿತ್ತಜನಕಾಂಗದ ಮೇಲೆ ಸೀಮೆಸುಣ್ಣದ ಪುಡಿ ಎರಚಿದ ಹಾಗೆ ಕಾಣುತ್ತದೆ. ಗೌಟ್ ಅಂತೀವಿ. ಹೊರಗೆ ಹೋಗಬೇಕಾದ ಯೂರಿಕ್ ಆಮ್ಲ ನೀರಿಲ್ಲದೆ ಒಳಗೇ ಹರಳುಗಟ್ಟಿದೆ. ಗೋಸುಂಬೆಯಲ್ಲೂ ಹಾಗೇ, ಕಿಡ್ನಿ ಹಾಳಾಗುತ್ತದೆ, ಕೀಲುಗಳಲ್ಲಿ ಹರಳು ಕೂರುತ್ತದೆ. ಕೋಳಿಗೂ ಇದಕ್ಕೂ ವ್ಯತ್ಯಾಸ ಒಂದೇ. ಕೋಳಿ ಬೇಗ ಸಾಯುತ್ತದೆ, ಗೋಸುಂಬೆ ನಿಧಾನವಾಗಿ, ನಮಗೆ ಗೊತ್ತಾಗದ ಹಾಗೆ. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡವನನ್ನು ಹದ್ದು ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ಕೊನೆಯ ದಿನದವರೆಗೂ ಕೊಂಬೆ ಬಿಗಿಯಾಗಿ ಹಿಡಿದು ಕೂತಿರುತ್ತದೆ.

ಇನ್ನು ನೀರು ಕೊಡುವ ವಿಷಯ. ನಮ್ಮ ಮನೆ ಶಿಡ್ಲಘಟ್ಟದ ಕಡೆ. ಅಪ್ಪ ರೇಷ್ಮೆ ಹುಳು ಮೇಯಿಸುತ್ತಿದ್ದರು. ಹುಡುಗನ ಗೋಸುಂಬೆ ನೋಡಿದ ರಾತ್ರಿ ಪುಸ್ತಕ ತಿರುವಿ ಹಾಕುತ್ತಾ ಕೂತಿದ್ದಾಗ ನನಗೆ ನೆನಪಾದದ್ದು ಕಾಲೇಜಿನ ಪಾಠ ಅಲ್ಲ, ನಮ್ಮ ಹುಳು ಮನೆ.

ನೀವೇ ಹೇಳಿ, ರೇಷ್ಮೆ ಹುಳುವಿಗೆ ಯಾರಾದರೂ ಬಟ್ಟಲಲ್ಲಿ ನೀರು ಇಟ್ಟದ್ದನ್ನು ನೋಡಿದ್ದೀರಾ? ಹುಳು ಹುಟ್ಟಿ ಗೂಡು ಕಟ್ಟುವವರೆಗೆ ಒಂದು ತೊಟ್ಟು ನೀರನ್ನು ಬೇರೆಯಾಗಿ ಕುಡಿಯುವುದಿಲ್ಲ. ಸೊಪ್ಪಿನಲ್ಲಿರುವ ನೀರೇ ನೀರು, ಮನೆಯ ಗಾಳಿಯ ತೇವವೇ ಕಾವಲು. ಅದಕ್ಕೇ ನಮ್ಮವರು ಚಾಕಿ ಹುಳುವಿನ, ಅಂದರೆ ಎಳೆ ಹುಳುವಿನ, ತಟ್ಟೆಗೆ ಮೇಣದ ಕಾಗದ ಮುಚ್ಚುತ್ತಾರೆ, ಅಂಚಿಗೆ ಒದ್ದೆ ಫೋಮ್ ಪಟ್ಟಿ ಇಡುತ್ತಾರೆ. ಎಳೆ ಹುಳುವಿಗೆ ಗಾಳಿಯಲ್ಲಿ ಶೇಕಡ 80ರಿಂದ 90 ತೇವ ಬೇಕು, ಬಲಿತ ಹುಳುವಿಗೆ 70ರ ಆಸುಪಾಸು ಸಾಕು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತಾರೆ. ಆದರೆ ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂತಾಗ, ಹಾಸಿಗೆ ಒಣಗಬೇಕು ಅಂತ ಗಾಳಿ ಆಡಲು ಬಿಡುತ್ತಾರೆ, ಸುಣ್ಣ ಉದುರಿಸುತ್ತಾರೆ. ತೇವ ಯಾವಾಗ ಬೇಕು, ಯಾವಾಗ ಬೇಡ ಅನ್ನುವುದು ಅಕ್ಷರ ಬಾರದ ನಮ್ಮಜ್ಜಿಗೂ ಗೊತ್ತಿತ್ತು. ಗೋಡೆಯ ಮೇಲೆ ಎರಡು ಕೊಳವೆಯ ತಾಪಮಾಪಕ ತೂಗಾಡುತ್ತಿತ್ತು, ಒಂದಕ್ಕೆ ಒದ್ದೆ ಬತ್ತಿ ಸುತ್ತಿದ್ದು. ಅಜ್ಜಿ ಅದನ್ನು ನೋಡುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು ಮೂಗು ಅರಳಿಸಿ "ಮನೆ ಒಣಗಿದೆ ಕಣೋ, ಗೋಣಿ ನೆನೆಸು" ಅನ್ನುತ್ತಿದ್ದಳು.

ಗೋಸುಂಬೆ ಸಾಕುವುದಕ್ಕೆ ಬೇಕಾದದ್ದು ಅಜ್ಜಿಯ ಮೂಗು. ಅದು ಇಲ್ಲದವರು ಒಂದು ಡಿಜಿಟಲ್ ತೇವಮಾಪಕ ಕೊಳ್ಳಿ.

ಯೆಮನ್ ಅಂದರೆ ಮರಳುಗಾಡು, ಒಣ ಹವೆ, ಹಾಗಾಗಿ ಒಣಗಿಸಿಟ್ಟರೂ ನಡೆಯುತ್ತದೆ ಅಂತ ಅಂಗಡಿಯವರು ಹೇಳಿ ಕಳಿಸುತ್ತಾರೆ. ಈ ಗೋಸುಂಬೆ ಇರುವುದು ಯೆಮನ್‌ನಲ್ಲೂ ಸೌದಿಯ ನೈಋತ್ಯ ಮೂಲೆಯಲ್ಲೂ, ಬೆಟ್ಟದ ಇಳಿಜಾರು, ಕಣಿವೆಗಳ ಗಿಡಮರಗಳಲ್ಲಿ. ಅಲ್ಲಿ ಹಗಲು ಒಣ, ರಾತ್ರಿ ಮಂಜು. ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ, ನಂದಿ ಬೆಟ್ಟ ಪಕ್ಕದಲ್ಲೇ ಇದೆ. 1478 ಮೀಟರ್ ಎತ್ತರ. ಬೆಳಗಿನ ಜಾವ ಬೈಕು ಏರಿಸಿಕೊಂಡು ಹೋದವರು ನೆನಪು ಮಾಡಿಕೊಳ್ಳಿ. ಮಳೆ ಬಂದಿಲ್ಲ, ಆದರೂ ಮರದ ಕೆಳಗೆ ನಿಂತರೆ ಹೆಗಲು ಒದ್ದೆ. ಎಲೆ ಎಲೆಯಿಂದ ಟಪ್ ಟಪ್ ಹನಿ. ಹನ್ನೊಂದು ಗಂಟೆಗೆ ಅದೇ ಮರದ ಕೆಳಗೆ ಹೋಗಿ, ಎಲ್ಲ ಒಣಗಿ ಗರಿಗರಿ. ನಿಮ್ಮ ಪಂಜರದಲ್ಲಿ ನಡೆಯಬೇಕಾದದ್ದು ಇದು. ರಾತ್ರಿ ನಂದಿ ಬೆಟ್ಟ, ಹಗಲು ಚಿಕ್ಕಬಳ್ಳಾಪುರ.

ಅಂಕಿಯಲ್ಲಿ ಹೇಳಬೇಕೆಂದರೆ ಹಗಲು ತೇವ ಶೇಕಡ 30ರಿಂದ 50, ರಾತ್ರಿ 75ರ ಮೇಲೆ. ರಾತ್ರಿಯೇ ಯಾಕೆ? ನಿದ್ದೆಯಲ್ಲಿ ಅದು ಕುಡಿಯುವುದಿಲ್ಲ, ಆದರೆ ಹತ್ತು ಹನ್ನೆರಡು ಗಂಟೆ ಉಸಿರಾಡುತ್ತಲೇ ಇರುತ್ತದೆ. ಗಾಳಿ ಒಣಗಿದ್ದರೆ ಪ್ರತಿ ಉಸಿರಿನಲ್ಲೂ ಮೈಯ ನೀರು ಹೊರಗೆ ಹೋಗುತ್ತದೆ. ಗಾಳಿ ತೇವವಾಗಿದ್ದರೆ ಅದು ಉಳಿಯುತ್ತದೆ. ಹಗಲು ಕುಡಿಸಿ ರಾತ್ರಿ ಒಣಗಿಸಿದರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಇದಕ್ಕೆ ಫಾಗರ್ ಸಿಗುತ್ತದೆ, ಮಂಜು ಉಗುಳುವ ಡಬ್ಬಿ. ರಾತ್ರಿ, ಪಂಜರಕ್ಕೆ ಬಿಸಿ ಕೊಡುವ ದೀಪ ಆರಿದ ಮೇಲೆ, ಒಳಗಿನ ಉಷ್ಣಾಂಶ 20 ಡಿಗ್ರಿಗಿಂತ ಕೆಳಗೆ ಇಳಿದಾಗ ಮಾತ್ರ ಹಾಕಿ. ಡಿಸೆಂಬರ್, ಜನವರಿಯಲ್ಲಿ ನಮ್ಮೂರಿಗೆ ಇದು ತೊಂದರೆಯೇ ಅಲ್ಲ. ಏಪ್ರಿಲ್‌ನಲ್ಲಿ ಮನೆಯೊಳಗೆ ರಾತ್ರಿಯೂ ಸೆಕೆ, ಆಗ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಆರರವರೆಗೆ, ಇಡೀ ದಿನದಲ್ಲಿ ತಂಪಾದ ಆ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ, ಕಿಟಕಿ ತೆಗೆದಿಟ್ಟು, ಅದೂ ಉಷ್ಣಾಂಶ ಅಷ್ಟು ಇಳಿದಿದ್ದರೆ ಮಾತ್ರ. ಬಿಸಿ ಮತ್ತು ಮಂಜು ಒಟ್ಟಿಗೆ ಸೇರಿದರೆ ಶ್ವಾಸಕೋಶಕ್ಕೆ ಸೋಂಕು. ಬಾಯಿ ತೆರೆದು ಮುಖ ಮೇಲೆ ಮಾಡಿ ಗೊರ ಗೊರ ಉಸಿರಾಡುವ ಗೋಸುಂಬೆಯನ್ನು ತಂದಾಗ ನಾನು ಕೇಳುವ ಮೊದಲ ಪ್ರಶ್ನೆ, "ಹಗಲು ಫಾಗರ್ ಹಾಕ್ತೀರಾ?" ಹತ್ತರಲ್ಲಿ ಎಂಟು ಸಲ "ಹೂಂ ಸಾರ್, ಚೆನ್ನಾಗಿ ಕಾಣತ್ತೆ ಅಂತ."

ಟೈಮರ್ ವಿಷಯ ಮರೆತಿದ್ದೆ. ಗೋಡೆಯ ಪ್ಲಗ್ಗಿಗೆ ಹಾಕುವ, ಕಿರುಗುಟ್ಟುತ್ತಾ ತಿರುಗುವ ಟೈಮರ್ ಇದೆಯಲ್ಲ, ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋದರೆ ನಾಲ್ಕು ದಿನಕ್ಕೆ ಎಂಟು ಗಂಟೆ ಹಿಂದೆ. ಬೆಳಗಿನ ಜಾವದ ಮಂಜು ಸುಡುವ ದೀಪದ ಕೆಳಗೆ ಮಟಮಟ ಮಧ್ಯಾಹ್ನ ಬರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ನಮ್ಮ ವಿದ್ಯುತ್ತಿನ ಮೇಲೆ ಗೋಸುಂಬೆಯ ಜೀವ ಬಿಡಬೇಡಿ.

ಕುಡಿಸುವ ಕೆಲಸಕ್ಕೆ ಎರಡು ದಾರಿ. ಒಂದು, ತುಂತುರು. ಬೆಳಿಗ್ಗೆ ದೀಪ ಹೊತ್ತುವ ಮುಂಚೆ, ಸಂಜೆ ಆರಿದ ಮೇಲೆ, ಎಲೆಗಳೆಲ್ಲ ತೊಟ್ಟಿಕ್ಕುವಂತೆ ಎರಡರಿಂದ ಐದು ನಿಮಿಷ ಸಣ್ಣಗೆ ಸಿಂಪಡಿಸಿ. ಹೇರ್ ಕಟಿಂಗ್ ಅಂಗಡಿಯ ಬಾಟಲಿಯಲ್ಲಿ ನಾಲ್ಕು ಸಲ ಪಿಚಕ್ ಪಿಚಕ್ ಅನಿಸಿ "ಹಾಕಿದೆ" ಅನ್ನಬೇಡಿ. ಕುಡಿಯಬೇಕು ಅಂತ ಅದಕ್ಕೆ ಹೊಳೆಯುವುದಕ್ಕೇ ಕೆಲವು ನಿಮಿಷ ಬೇಕು. ಗಾಳಿ ಹೊಡೆದು ಒತ್ತಡ ತುಂಬುವ ಎರಡು ಲೀಟರ್ ಸ್ಪ್ರೇಯರ್ ನರ್ಸರಿ ಅಂಗಡಿಯಲ್ಲಿ ಸಿಗುತ್ತದೆ. ಹೊಸದೇ ಕೊಳ್ಳಿ. ದ್ರಾಕ್ಷಿಗೋ ಟೊಮೆಟೊಗೋ ಔಷಧಿ ಹೊಡೆದ ಕ್ಯಾನನ್ನು ಹತ್ತು ಸಲ ತೊಳೆದರೂ ಇದಕ್ಕೆ ಬಳಸಬೇಡಿ. ಒಂದು ಸಿಂಪಡಣೆಯ ನೀರು ಒಣಗಿದ ಮೇಲೆಯೇ ಇನ್ನೊಂದು. ಸದಾ ಒದ್ದೆ ಇದ್ದರೆ ಚರ್ಮಕ್ಕೆ, ಕಾಲಿಗೆ ಹುಣ್ಣು.

ಎರಡನೆಯದು ಹನಿ. ಇದು ನಮ್ಮ ಆಸ್ಪತ್ರೆಯ ಕಡೆಯಿಂದ. ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್, ಹೊಸದು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸೂಜಿ ಕಿತ್ತುಹಾಕಿ. ಒಂದು ಬಾಟಲಿ ಪಂಜರದ ಮೇಲೆ ತೂಗುಹಾಕಿ, ಚಕ್ರ ತಿರುವಿ ಎರಡು ಸೆಕೆಂಡಿಗೆ ಒಂದು ಹನಿಗೆ ನಿಲ್ಲಿಸಿ. 20 ಹನಿಗೆ 1 ಮಿಲಿಲೀಟರ್ ಬೀಳುವ ಸೆಟ್ಟಾದರೆ ಗಂಟೆಗೆ 90 ಮಿಲಿಲೀಟರ್ ಆಯಿತು, ಕೆಳಗೊಂದು ಡಬ್ಬ ಇಟ್ಟರೆ ನೆಲ ಕೆಸರಾಗುವುದಿಲ್ಲ. ಹನಿ ಅಗಲವಾದ ಎಲೆಯ ಮೇಲೆ ಬೀಳಲಿ. ಬಿದ್ದಾಗ ಎಲೆ ಅಲುಗುತ್ತದೆ, ಹನಿ ಮಿನುಗುತ್ತದೆ, ಗೋಸುಂಬೆಯ ಒಂದು ಕಣ್ಣು ಆ ಕಡೆ ತಿರುಗುತ್ತದೆ. ಇನ್ನೊಂದು ಕಣ್ಣು ನಿಮ್ಮ ಮೇಲೇ ಇರುತ್ತದೆ. ಎದುರಿಗೆ ಮೊಬೈಲು ಹಿಡಿದು ನಿಂತರೆ ಕುಡಿಯುವುದಿಲ್ಲ, ಎದ್ದು ಹೋಗಿ.

ಇಲ್ಲೊಂದು ವಿಚಿತ್ರ ಇದೆ. "ನಮ್ಮದು ದಿನಾ ಹನಿಯ ಕೆಳಗೆ ನಿಂತು ಗಟಗಟ ಕುಡಿಯುತ್ತೆ, ಆರೋಗ್ಯವಾಗಿದೆ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಪ್ರತಿದಿನ ಅಷ್ಟು ಆಸೆಬಿದ್ದು ಕುಡಿಯುತ್ತಿದ್ದರೆ ಅದು ಪ್ರತಿದಿನ ಬಾಯಾರುತ್ತಿದೆ ಅಂತ ಅರ್ಥ. ರಾತ್ರಿಯ ತೇವ ಸರಿಯಾಗಿದ್ದರೆ ಅದು ಕುಡಿಯುವುದು ನಿಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಹಿಕ್ಕೆ ಮಾತ್ರ ಬೆಳ್ಳಗೆ ಬೀಳುತ್ತಿರುತ್ತದೆ.

ಗಿಡ ನಿಜದ್ದೇ ಇರಲಿ. ದಾಸವಾಳ ಒಳ್ಳೆಯದು, ಮನಿ ಪ್ಲಾಂಟ್ ಆಗಬಹುದು. ಯೆಮನ್ ಗೋಸುಂಬೆ ಎಲೆಯನ್ನೂ ಕಚ್ಚಿ ತಿನ್ನುತ್ತದೆ, ಹಾಗಾಗಿ ಕಣಗಿಲೆ, ಎಕ್ಕ ಹತ್ತಿರ ತರಬೇಡಿ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ತೊಳೆದು ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗಿಡಿ. ನಮ್ಮ ಜಿಲ್ಲೆಯವರಿಗೆ ಇನ್ನೂ ಸುಲಭ, ಹಿಪ್ಪುನೇರಳೆ ಕಡ್ಡಿ ಒಂದು ಕುಂಡದಲ್ಲಿ ನೆಟ್ಟರೆ ಸಾಕು.

ಈಗ ನೀರಿನ ಗುಣ. ಪಾಲಾರ್, ಪೆನ್ನಾರ್, ಅರ್ಕಾವತಿ ಹುಟ್ಟುವುದು ಈ ಬೆಟ್ಟಗಳಲ್ಲೇ, ಕುಡಿಯುವುದಕ್ಕೆ ಮಾತ್ರ ನಮಗೆ ಸಾವಿರ ಅಡಿಯ ಬೋರ್‌ವೆಲ್. ಬಾಗೇಪಲ್ಲಿ, ಗುಡಿಬಂಡೆ ಕಡೆ ಫ್ಲೋರೈಡು ಬೇರೆ. ಈ ಗಡಸು ನೀರನ್ನು ಸಿಂಪಡಿಸಿದರೆ ಹದಿನೈದು ದಿನಕ್ಕೆ ಎಲೆಗಳ ಮೇಲೆ ಬಿಳಿ ಪೊರೆ, ತಿಂಗಳಿಗೆ ನಾಜಲ್ ಬಂದ್. ಫಾಗರ್‌ಗೆ ಹಾಕಿದರಂತೂ ಆ ಸುಣ್ಣವೆಲ್ಲ ಸಣ್ಣ ಪುಡಿಯಾಗಿ ಗಾಳಿಗೆ ಏರುತ್ತದೆ. ಊರೂರಿನಲ್ಲಿ ಶುದ್ಧ ನೀರಿನ ಘಟಕ ಇದೆ, ಒಂದು ಕ್ಯಾನ್ ತಂದಿಟ್ಟುಕೊಳ್ಳಿ, ಗೋಸುಂಬೆಗೆ ವಾರ ಬರುತ್ತದೆ. ಫಾಗರ್ ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಒಳಗೆ ಬೆರಳಿಟ್ಟಾಗ ಲೋಳೆ ಹತ್ತಿದರೆ ಆ ಲೋಳೆಯನ್ನೇ ನೀವು ಅದರ ಶ್ವಾಸಕೋಶಕ್ಕೆ ಕಳಿಸುತ್ತಿದ್ದೀರಿ.

ಊಟದಲ್ಲೂ ನೀರಿದೆ. ಸೂಪರ್‌ವರ್ಮ್ ಅಂತ ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದರಲ್ಲಿ ಕೊಬ್ಬು ಜಾಸ್ತಿ, ರಸ ಕಡಿಮೆ. ಅದನ್ನೇ ದಿನಾ ಕೊಟ್ಟರೆ ಬಾಯಾರಿಕೆ ಕೂಡಿಸಿದ ಹಾಗೆ. ಹೊರದೇಶಗಳಲ್ಲಿ ಗೋಸುಂಬೆ ಸಾಕುವವರು ದುಡ್ಡು ಕೊಟ್ಟು ತರಿಸುವ ಒಳ್ಳೆಯ ಮೇವು ಯಾವುದು ಗೊತ್ತೇ? ನಮ್ಮ ರೇಷ್ಮೆ ಹುಳು! ಮೈಯಲ್ಲಿ ಮುಕ್ಕಾಲು ಪಾಲು ನೀರೇ, ಮೇಲೆ ಗಟ್ಟಿ ಚಿಪ್ಪಿಲ್ಲ. ಗೂಡಿನ ಮಾರುಕಟ್ಟೆ ಇರುವ ಊರಲ್ಲಿ ಕೂತು ನಾವು ಆನ್‌ಲೈನಿನಲ್ಲಿ ಒಣಗಿದ ಹುಳು ತರಿಸುತ್ತೇವೆ.

ಆದರೆ ಹುಳು ಮನೆಗೆ ಹೋಗಿ ಒಂದು ಹಿಡಿ ಎತ್ತಿಕೊಂಡು ಬಂದುಬಿಡಬೇಡಿ. ಸೊಪ್ಪಿಗೆ ಔಷಧಿ ಬಿದ್ದಿದ್ದರೆ ಹುಳುವೇ ಮೊದಲು ಸಾಯುತ್ತದೆ, ಆ ಭಯ ಕಡಿಮೆ. ಭಯ ಇರುವುದು ಜ್ವರ ಎದ್ದಾಗ ಹುಳುವಿನ ಮೈಮೇಲೆ ಉದುರಿಸುವ ಸೋಂಕು ನಿವಾರಕ ಪುಡಿಯದು. ಚಾಕಿ ಹುಳು ನೂರು ತಂದು ಬೇರೆ ತಟ್ಟೆಯಲ್ಲಿ, ಪುಡಿ ಹಾಕದೆ, ನೀವೇ ಸೊಪ್ಪು ಹಾಕಿ ಬೆಳೆಸಿ. ಮೂರನೇ ಜ್ವರ ಎದ್ದ ಹುಳು ದೊಡ್ಡ ಗೋಸುಂಬೆಗೆ ಹದ. ಹಾಲುತೊಂಡೆ, ಸಪ್ಪೆ ರೋಗ ಬಂದು ಬಿದ್ದ ಹುಳು ಬೇಡ. ವಾರದಲ್ಲಿ ಎರಡು ಮೂರು ದಿನ ಕೊಡಿ, ಮಿಕ್ಕ ದಿನ ಬೇರೆ ಹುಳ. ಅಪ್ಪನಿಗೆ ಈ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಹುಳುವನ್ನು ಮಗುವಿನಂತೆ ನೋಡಿಕೊಂಡವರು. ಆಮೇಲೆ "ಗೂಡನ್ನ ಕುದಿಯೋ ನೀರಿಗೆ ಹಾಕೋದು ನಾವೇ ತಾನೆ" ಅಂದರು.

ಶೂ ಡಬ್ಬಿಗೆ ವಾಪಸು ಬರೋಣ. ಅಷ್ಟು ಒಣಗಿದ್ದು ಬಂದಾಗ ಮನೆಯಲ್ಲಿ ಏನೇನು ಮಾಡುತ್ತಾರೆ ಗೊತ್ತೇ? ಬಾಯಿ ಅಗಲಿಸಿ ಸಿರಿಂಜಿನಲ್ಲಿ ನೀರು ಬಿಡುತ್ತಾರೆ. ಅದರ ಉಸಿರಿನ ಕೊಳವೆಯ ಬಾಯಿ ಇರುವುದು ಬಾಯಿಯೊಳಗೆ, ನಾಲಿಗೆಯ ಹತ್ತಿರವೇ. ಹೊಟ್ಟೆಗೆ ಅಂತ ಬಿಟ್ಟ ನೀರು ನೇರ ಶ್ವಾಸಕೋಶಕ್ಕೆ. ಟಬ್ಬಿನಲ್ಲಿ ಮುಳುಗಿಸಿಡುವವರೂ ಇದ್ದಾರೆ, ಅದರಿಂದ ಗಾಬರಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಅದನ್ನು ಕುಂಡದ ಗಿಡದ ಮೇಲೆ ಕೂರಿಸಿ ಬಚ್ಚಲಿಗೆ ಒಯ್ಯಿರಿ. ಉಗುರು ಬೆಚ್ಚಗಿನ ಶವರ್ ನೀರನ್ನು ಗೋಡೆಗೆ ಬಿಡಿ, ಗೋಡೆಗೆ ಬಡಿದು ಸಿಡಿಯುವ ತುಂತುರು ಮಾತ್ರ ಅದಕ್ಕೆ ತಾಗಲಿ. ಅರ್ಧ ಗಂಟೆ, ಪಕ್ಕದಲ್ಲೇ ಇದ್ದು.

ಹಗಲಲ್ಲೇ ಕಣ್ಣು ಮುಚ್ಚಿ ಕೂತಿದ್ದರೆ, ಕೊಂಬೆಯ ಹಿಡಿತ ಸಡಿಲವಾಗಿದ್ದರೆ, ಬಾಯಿ ತೆರೆದಾಗ ಜೊಲ್ಲು ದಾರದಂತೆ ಎಳೆದರೆ ಬಚ್ಚಲೂ ಬೇಡ, ಡಾಕ್ಟರ ಹತ್ತಿರ ಬನ್ನಿ. ನಾವು ಮೊದಲು ಅದರ ಮೈ ಬೆಚ್ಚಗೆ ಮಾಡುತ್ತೇವೆ, ತಣ್ಣಗಿರುವ ಸರೀಸೃಪಕ್ಕೆ ದ್ರವ ಕೊಟ್ಟರೆ ಮೈಗೆ ಹತ್ತುವುದಿಲ್ಲ. ಆಮೇಲೆ ಚರ್ಮದ ಕೆಳಗೆ, ಕಿಲೋ ತೂಕಕ್ಕೆ ದಿನಕ್ಕೆ 15ರಿಂದ 25 ಮಿಲಿಲೀಟರ್ ಲೆಕ್ಕ. ಹುಡುಗನದು 120 ಗ್ರಾಂ ಇತ್ತು. ಅಂದರೆ ಎರಡು ಮೂರು ಮಿಲಿಲೀಟರ್. ಹಸುವಿಗೆ ಐದೈದು ಲೀಟರ್ ಏರಿಸಿ ಅಭ್ಯಾಸವಾದ ಕೈ ನನ್ನದು, ಆ ಸಿರಿಂಜು ಹಿಡಿದಾಗ ಬೆರಳು ನಡುಗಿತು.

ನಾಲ್ಕನೇ ದಿನ ಕಣ್ಣು ಮೇಲೆದ್ದಿತು. ಆರನೇ ದಿನ ಒಂದು ಹುಳು ತಿಂದಿತು. ಬದುಕಿದೆ. ಕಿಡ್ನಿಗೆ ಆದ ಪೆಟ್ಟು ಎಷ್ಟು ಅಂತ ಹೊರಗಿನಿಂದ ಕಾಣುವುದಿಲ್ಲ, ಆದ್ದರಿಂದ ಪ್ರತಿ ಭಾನುವಾರ ಹಿಕ್ಕೆಯ ಫೋಟೊ ಕಳಿಸು ಅಂತ ಹುಡುಗನಿಗೆ ಹೇಳಿದ್ದೇನೆ. ಎರಡು ವರ್ಷವಾಯಿತು, ಇನ್ನೂ ಕಳಿಸುತ್ತಿದ್ದಾನೆ. ಹೋದ ತಿಂಗಳು ನನ್ನ ಹೆಂಡತಿ ಮೊಮ್ಮಗುವಿನ ಫೋಟೊ ಹುಡುಕಲು ಫೋನ್ ತೆಗೆದಳು. ಸ್ವಲ್ಪ ಹೊತ್ತು ಬೆರಳಾಡಿಸಿ, ಏನೂ ಕೇಳದೆ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಅಡುಗೆಮನೆಗೆ ಹೋದಳು.